ಮಾವನವರ ಮುಖ ನೋಡಿದ ಸೆಮಿಸ್ಟರ್

ಮದುವೆಯಾಗಿ ವರ್ಷದ ಮೇಲಾಗಿದ್ದರೂ ನಾನು ನನ್ನ ಮಾವನವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಕಾಲೇಜಿನ ಗೆಳತಿಯರಿಗೆ ಇದನ್ನು ಹೇಳಿದರೆ ನಗುತ್ತಿದ್ದರು. ನಮ್ಮ ಮನೆತನದಲ್ಲಿ ಅದು ವಿಶೇಷವೇನಲ್ಲ. ಮಾವ ಪಡಸಾಲೆಗೆ ಬಂದರೆ ಸೊಸೆ ಸೆರಗನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು ಒಳಗೆ ಹೋಗುತ್ತಾಳೆ, ಅಷ್ಟೆ. ಅವರಿಗೂ ನನಗೂ ಮಾತು ನಡೆಯುತ್ತಿದ್ದುದು ಅತ್ತೆಯ ಮೂಲಕ. ಅವರು ಪಡಸಾಲೆಯಲ್ಲಿ ಕೂತು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, "ನಾಳೆ ಬಸ್ ಬಂದ್ ಅಂತ, ಆಕಿಗೆ ಹೇಳು" ಎನ್ನುತ್ತಿದ್ದರು. ಅತ್ತೆ ಬಾಗಿಲಿಗೆ ಬಂದು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದರು. ನಾನು "ಹೂಂರಿ" ಎಂದದ್ದು ಅತ್ತೆಯ ಬಾಯಿಂದಲೇ ಪಡಸಾಲೆಗೆ ವಾಪಸು ಹೋಗುತ್ತಿತ್ತು.

ಪ್ರಕೃತಿ ಚಿಕಿತ್ಸೆಯ ಪದವಿ ಓದುತ್ತಿರುವಾಗಲೇ ನನ್ನ ಮದುವೆ ಗೊತ್ತಾಗಿತ್ತು. ಓದು ನಿಲ್ಲಬಾರದು ಎಂದು ನಮ್ಮಪ್ಪ ಹಾಕಿದ ಒಂದೇ ಷರತ್ತಿಗೆ ಸಿಂಧನೂರಿನ ಗಂಡಿನ ಮನೆಯವರು ಒಪ್ಪಿದ್ದರು, ಮಾತನ್ನು ಉಳಿಸಿಕೊಂಡೂ ಇದ್ದರು. ಆದರೆ ನಾನು ಓದುವುದು ಏನನ್ನು ಎಂಬುದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಬೀಗರು ಕೇಳಿದರೆ ಅತ್ತೆ "ಡಾಕ್ಟರಿಕಿ ಓದಾಕತ್ತಾಳ" ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ದನಿ ತಗ್ಗಿಸಿ "ಅದೇನೋ ಮಣ್ಣು, ನೀರು, ಉಪವಾಸ ಅಂತ ಬರ್ತೈತಿ" ಎಂದು ಸೇರಿಸುತ್ತಿದ್ದರು. ಗುಳಿಗೆ ಬರೆಯದ, ಸೂಜಿ ಚುಚ್ಚದ ಡಾಕ್ಟರಿಕೆ ಎಂಥದ್ದು ಎಂದು ಮಾವನವರು ಒಮ್ಮೆ ಅತ್ತೆಯನ್ನು ಕೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅದರಲ್ಲಿ ಕೊಂಕಿರಲಿಲ್ಲ. ಅವರು ಬಟ್ಟೆ ವ್ಯಾಪಾರಿ. ಬಿಚ್ಚಿ ಹರಡಿ, ಮುಟ್ಟಿ ನೋಡಬಹುದಾದ ಸರಕಿನ ಮೇಲೆ ಮಾತ್ರ ಅವರಿಗೆ ಭರವಸೆ.

ಬಜಾರಿನಲ್ಲಿದ್ದ ಅಂಗಡಿಯ ಹಿಂದಿನ ಕೋಣೆಗೆ ನಾನು ಕೆಲವೊಮ್ಮೆ ಊಟದ ಡಬ್ಬಿ ಒಯ್ಯುತ್ತಿದ್ದೆ. ಅಲ್ಲಿ ಪರದೆಯ ಈಚೆ ನಿಂತು ಕೇಳಿದರೆ ಮಾವನವರು ಬೇರೆಯೇ ಮನುಷ್ಯ. ಮನೆಯಲ್ಲಿ ಅಳೆದು ಮಾತಾಡುವವರು ಗಾದಿಯ ಮೇಲೆ ಕೂತರೆ ನಾಲೆಗೆ ನೀರು ಬಿಟ್ಟ ಹಾಗೆ. ಭತ್ತದ ಕೊಯ್ಲು ಮುಗಿದ ಮೇಲೆ ಮದುವೆಯ ಜವಳಿಗೆಂದು ಆಂಧ್ರದ ರೈತರು ನೆಲೆಸಿದ ಕ್ಯಾಂಪುಗಳಿಂದ, ಹಳ್ಳಿಗಳಿಂದ ಬಂದವರನ್ನು ಅವರು ತೆಲುಗಿನಲ್ಲಿ ನಗಿಸಿ, ಕನ್ನಡದಲ್ಲಿ ಗದರಿಸಿ, ಉರ್ದುವಿನಲ್ಲಿ ಚೌಕಾಸಿ ಮುಗಿಸುತ್ತಿದ್ದರು. ನನ್ನ ಗಂಡ ಪಕ್ಕದಲ್ಲಿ ಸೀರೆ ಮಡಚುತ್ತಾ ಇರುತ್ತಿದ್ದರು. ಮಾತು ತಂದೆಯದು, ಕೈ ಮಗನದು. ಹಾಗೆ ನಡೆಯುತ್ತಿತ್ತು ಅಂಗಡಿ.

ನನ್ನ ಕಾಲೇಜು ಲಿಂಗಸುಗೂರಿನ ಆಚೆಗೆ. ಕೊನೆಯ ವರ್ಷದ ಕೊನೆಯ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಬಿಟ್ಟು ಸಿಂಧನೂರಿನಿಂದಲೇ ಹೋಗಿ ಬರಲು ಶುರುಮಾಡಿದ್ದೆ. ಅದು ತಪ್ಪು ಲೆಕ್ಕಾಚಾರ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ನಮ್ಮ ಚಿಕಿತ್ಸೆಗಳೆಲ್ಲ ಬರೀ ಹೊಟ್ಟೆಯಲ್ಲಿ ನಡೆಯುವಂಥವು, ಹಾಗಾಗಿ ವಾರ್ಡು ಬೆಳಗಾಗುತ್ತಲೇ ತೆರೆಯುತ್ತದೆ. ಮೊದಲ ಬಸ್ಸು ತಪ್ಪಿದರೆ ಹೊಟ್ಟೆಯ ಮೇಲಿನ ಮಣ್ಣಿನ ಪಟ್ಟಿ ತಪ್ಪಿತು, ಎನಿಮಾ ತಪ್ಪಿತು, ಆ ದಿನದ ಹಾಜರಿಯೂ ತಪ್ಪಿತು. ಉಪವಾಸಕ್ಕೆ ಕೂತ ರೋಗಿಗಳ ನಾಡಿ, ರಕ್ತದೊತ್ತಡ, ನಾಲಗೆಯ ಬಣ್ಣ ದಿನವೂ ನೋಡಿ ಬರೆಯಬೇಕು. ಮಧ್ಯಾಹ್ನ ಪಾಠ, ಸಂಜೆ ಮಾಲೀಷಿನ ಪ್ರಾಕ್ಟಿಕಲ್. ನೀರಿನ ಚಿಕಿತ್ಸೆಯ ಕೋಣೆಯಲ್ಲಿ ಒಮ್ಮೆ ಗೋಡೆಗೆ ಆತು ನಿಂತವಳು ನಿಂತಲ್ಲೇ ನಿದ್ದೆ ಹೋಗಿ, ಕೈಯಲ್ಲಿದ್ದ ತಣ್ಣೀರ ಚೆಂಬು ಗೆಳತಿಯ ಮೈಮೇಲೆ ಸುರಿದಿತ್ತು.

ದಾರಿಯಲ್ಲಿ ಮಸ್ಕಿ ಬರುತ್ತದೆ. ಅದು ನನ್ನ ತವರು. ದಿನಕ್ಕೆರಡು ಬಾರಿ ತವರೂರಿನ ನಡುವೆ ಹಾದು ಹೋಗುವುದು, ಇಳಿಯದೆ. ಅವ್ವ ಕೆಲವು ಸಂಜೆ ಬಸ್ ನಿಲ್ದಾಣದಲ್ಲಿ ಕಾದು ನಿಂತು ಕಿಟಕಿಯಿಂದಲೇ ರೊಟ್ಟಿ, ಪುಂಡಿಪಲ್ಯದ ಡಬ್ಬಿ ಕೊಡುತ್ತಿದ್ದಳು. "ಏನ್ ಸೊರಗಿದೀಯಲೇ, ಇಳಿದ್ ಬಾ ಒಂದ್ ದಿನ" ಎನ್ನುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಿದ್ದ.

ಸೆಮಿಸ್ಟರ್ ಅರ್ಧ ಮುಗಿದಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಅತ್ತೆ ಅಡುಗೆಮನೆಗೆ ಓಡಿ ಬಂದರು. "ಬಾ ಇಲ್ಲಿ. ನಿಮ್ಮ ಮಾವನ ಬಾಯಿ ಹೆಂಗೋ ಆಗೈತಿ ನೋಡು."

ಮಾವನವರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಕುಡಿದ ಚಹಾ ಬಾಯಿಯ ಎಡಗಡೆಯಿಂದ ಜಾರಿ ಬಿಳಿ ಅಂಗಿಯ ಮೇಲೆ ಹರಿದಿತ್ತು. ಅವರು ಟವೆಲಿನಿಂದ ಒರೆಸುತ್ತಿದ್ದರು, ಆದರೆ ಅದು ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ನನ್ನ ಗಂಡ ಏನೂ ತೋಚದೆ ಪಕ್ಕದಲ್ಲಿ ನಿಂತಿದ್ದರು. ಆ ಗಳಿಗೆಯಲ್ಲಿ ಸೆರಗು, ರಿವಾಜು ಯಾವುದೂ ನನ್ನ ನೆನಪಿಗೆ ಬರಲಿಲ್ಲ. ನೇರ ಹೋಗಿ ಎದುರಿಗೆ ನಿಂತೆ.

"ಮಾವಾರ, ನನ್ನ ಕಡೆ ನೋಡ್ರಿ. ಎರಡೂ ಕೈ ಮ್ಯಾಲ ಎತ್ರಿ."

ಎತ್ತಿದರು. ಎರಡೂ ಸಮನಾಗಿ ಎದ್ದವು.

"ಹಲ್ಲು ತೋರಸ್ರಿ. ಕಣ್ಣು ಗಟ್ಟ್ಯಾಗಿ ಮುಚ್ರಿ. ಹುಬ್ಬು ಮ್ಯಾಲ ಮಾಡ್ರಿ."

ತುಟಿ ಬಲಕ್ಕೆ ಮಾತ್ರ ಎಳೆಯಿತು. ಬಲಗಣ್ಣು ಮುಚ್ಚಿತು, ಎಡಗಣ್ಣು ಬಿಟ್ಟೇ ಇತ್ತು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಬಲಭಾಗದಲ್ಲಿ ಸುಕ್ಕಾದವು. ಎಡಭಾಗದಲ್ಲಿ ಎಳೆದ ಹಾಗೇ ನೇರವಾಗಿ ಉಳಿದವು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೆ ಬಂದು ಕೂತಿತ್ತು. ಮೆದುಳಿಗೆ ಪೆಟ್ಟಾದರೆ ಸಾಮಾನ್ಯವಾಗಿ ಹಣೆಯ ಅಲುಗಾಟ ಉಳಿಯುತ್ತದೆ, ಮುಖದ ನರಕ್ಕೆ ಪೆಟ್ಟಾದರೆ ಅದೂ ಹೋಗುತ್ತದೆ. ಇದು ನರದ್ದೇ ಇರಬೇಕು ಅನ್ನಿಸಿತು. ಆದರೆ ಅನ್ನಿಸುವುದಕ್ಕೂ ಹೇಳುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಅವತ್ತು ಗೊತ್ತಾಯಿತು. "ಈಗಿಂದೀಗ ದವಾಖಾನಿಗೆ ಹೋಗಬೇಕ್ರಿ" ಎಂದೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ಪಕ್ಕದ ಮನೆಯಲ್ಲಿದ್ದ ಮಾವನವರ ಅಣ್ಣ, ನಮ್ಮ ದೊಡ್ಡ ಮಾವ, ಬಂದಿದ್ದರು. ಅವರು ನೋಡಿದವರೇ "ಲಕ್ವಾ ಹೊಡದೈತಿ" ಎಂದು ಪಾರ್ಶ್ವವಾಯುವಿನ ತೀರ್ಮಾನ ಕೊಟ್ಟರು. ದೂರದ ಒಂದು ಹಳ್ಳಿಯಲ್ಲಿ ಮೂಗಿಗೆ ಸೊಪ್ಪಿನ ರಸ ಹಿಂಡುತ್ತಾರೆ, ವಾರದಲ್ಲಿ ಬಾಯಿ ನೆಟ್ಟಗಾಗುತ್ತದೆ, ಕಾರು ತರಿಸಿ ಎಂದರು. ಎದುರುಮನೆಯವರೊಬ್ಬರು ಪಾರಿವಾಳದ ರಕ್ತ ಹಚ್ಚಬೇಕು ಅಂದರು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟದ ಅತ್ತೆ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡರು.

ನಾನು ಇನ್ನೊಮ್ಮೆ ದವಾಖಾನೆ ಎಂದೆ. ಶುರುವಿನ ದಿನಗಳಲ್ಲೇ ಗುಳಿಗೆ ಬಿದ್ದರೆ ಒಳ್ಳೆಯದು, ತಡವಾದರೆ ಪ್ರಯೋಜನ ಕಡಿಮೆ ಎಂದು ವಿವರಿಸಿದೆ. ದೊಡ್ಡ ಮಾವ ನನ್ನತ್ತ ತಿರುಗಿ, "ಅಲ್ಲಬೇ, ನೀ ಓದಾದು ಗಿಡಮೂಲಿಕಿ. ನೀನ ಇಂಗ್ಲಿಷ್ ಗುಳಿಗಿ ನುಂಗ್ರಿ ಅಂದ್ರ, ಮತ್ತ ನಿನ್ನ ಓದು ಯಾಕ ಬೇಕಾತು?" ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೇ ನನಗೆ ಬಸ್ಸಿನಲ್ಲಿ ಕೂತು ಎಷ್ಟೋ ಬಾರಿ ಕೇಳಿಕೊಂಡ ಪ್ರಶ್ನೆಯ ಅಣ್ಣನಂತಿತ್ತು ಅದು. ಆಗ ಮಾವನವರು ಬಾಯಿ ತೆರೆದರು. ಮಾತು ಒಂದು ಪಕ್ಕದಿಂದ ಜಾರಿ ಬಂತು.

"ಆಕಿ ಹೇಳಿದಂಗ ಮಾಡ್ರಿ."

ಸರಕಾರಿ ದವಾಖಾನೆಯ ಡಾಕ್ಟರು ನಾನು ಕೇಳಿದ ಪ್ರಶ್ನೆಗಳನ್ನೆಲ್ಲ ಇನ್ನೂ ಚೆನ್ನಾಗಿ ಕೇಳಿದರು. ಕೈಕಾಲಿನ ಬಲ, ಬಿ.ಪಿ., ಶುಗರ್ ನೋಡಿದರು, ಕಿವಿಯೊಳಗೆ ಬೆಳಕು ಹಾಕಿ ಇಣುಕಿದರು. ಮುಖದ ನರ ಊದಿಕೊಂಡಿದೆ, ಪಾರ್ಶ್ವವಾಯು ಅಲ್ಲ ಎಂದರು. ಗುಳಿಗೆ, ಕಣ್ಣಿಗೆ ಹನಿ, ಮಲಗುವಾಗ ಕಣ್ಣಿನ ಮೇಲೆ ಹತ್ತಿ ಇಟ್ಟು ಪಟ್ಟಿ. ನಾನು ಏನು ಓದುತ್ತಿದ್ದೇನೆ ಎಂದು ಗೊತ್ತಾದಾಗ ನಕ್ಕು, "ನಿಮ್ಮ ವ್ಯಾಯಾಮ ನೀವು ಮಾಡಿಸಿ, ಒಳ್ಳೇದೇ. ಗುಳಿಗೆ ಮಾತ್ರ ನಿಲ್ಲಿಸಬೇಡಿ" ಎಂದರು. ನಿಲ್ಲಿಸಿ ಎಂದು ನಾನು ಹೇಳಿಯೇನು ಎಂದು ಅವರು ಅಂದುಕೊಂಡದ್ದು ಸ್ವಲ್ಪ ಚುಚ್ಚಿತು. ಹಾಗೆ ಹೇಳುವವರೂ ನಮ್ಮಲ್ಲಿ ಇದ್ದಾರೆ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು.

ಮಾರನೆಯ ದಿನ ಕಾಲೇಜಿನಲ್ಲಿ ನನ್ನ ಮಾರ್ಗದರ್ಶಕರಾಗಿದ್ದ ಮೇಡಂಗೆ ವಿಷಯ ಹೇಳಿದೆ. ಅವರು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಬೆರಳ ತುದಿಯಿಂದ ಕೆನ್ನೆಯನ್ನು ಹೇಗೆ ಮೇಲಕ್ಕೆ ಸವರಬೇಕು, ಹಣೆಯ ಮಾಂಸಖಂಡಕ್ಕೆ ಹೇಗೆ ಆಸರೆ ಕೊಟ್ಟು ಎತ್ತಿಸಬೇಕು ಎಂದು ತೋರಿಸಿಕೊಟ್ಟರು. "ಬಲ ಹಾಕಬೇಡ. ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ. ಕನ್ನಡಿ ಎದುರಿಗೆ ಮಾಡಿಸು" ಎಂದರು.

ಆದರೆ ಮಾಡಿಸುವವರು ಯಾರು? ಸೊಸೆ ಮಾವನ ಮುಖ ಮುಟ್ಟುವುದು ಆ ಮನೆಯಲ್ಲಿ ಯಾರ ಕಲ್ಪನೆಯಲ್ಲೂ ಇರಲಿಲ್ಲ, ನನ್ನ ಕಲ್ಪನೆಯಲ್ಲೂ. ಹಾಗಾಗಿ ನನ್ನ ಗಂಡನಿಗೆ ಕಲಿಸಿದೆ. ಅವರು ತಂದೆಯ ಎದುರಿಗೆ ಕೂತು ಕೆನ್ನೆಗೆ ಕೈ ಹಚ್ಚಿದರೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದರು. ಬುದ್ಧಿ ಬಂದ ಮೇಲೆ ಮಗ ತಂದೆಯನ್ನು ಹಬ್ಬಹುಣ್ಣಿಮೆಗೆ ಕಾಲುಮುಟ್ಟಿ ನಮಸ್ಕರಿಸಿದ್ದು ಬಿಟ್ಟರೆ ಮುಟ್ಟಿರಲಿಲ್ಲ. ಥಾನು ಬಟ್ಟೆ ಅಳೆಯುವ ಕೈ ಅದು, ಮೆಲ್ಲಗೆ ಅನ್ನುವುದು ಗೊತ್ತಿಲ್ಲ. "ಚರ್ಮ ಕಿತ್ತೀಯೇನಲೇ" ಎಂದು ಮಾವನವರು ಎದ್ದುಬಿಟ್ಟರು. ಅತ್ತೆಗೆ ಕಲಿಸಿದೆ. ಅವರು ಎರಡು ಬಾರಿ ಸವರಿ ಅಳಲು ಶುರುಮಾಡಿದರು.

ಕೊನೆಗೆ ಅತ್ತೆಯೇ ಹೇಳಿದರು. "ನೀನ ಮಾಡು."

"ಹೆಂಗ ಮಾಡ್ಲ್ರೀ ಅತ್ತೀ? ಮಂದಿ ನೋಡಿದ್ರ?"

"ನೋಡಿದ್ರ ನೋಡ್ಲಿ. ಕಾಲೇಜಿನ್ಯಾಗ ಯಾರ್ಯಾರೋ ಮಂದಿಗೆ ಮಾಡ್ತಿ. ಇದು ನಮ್ಮ ಮನಿ ಮುಖ. ಬಾಕಲಾ ನಾ ಮುಚ್ಚೂದಿಲ್ಲ. ಮುಚ್ಚಿದ್ರ ಮಂದಿ ಇನ್ನೊಂದು ಹೇಳ್ತಾರ. ತೆರದ ಬಾಕಲದಾಗ ಮಾಡು, ನಾ ಪಕ್ಕದಾಗ ಕುಂದರತೀನಿ."

ಅತ್ತೆ ನಾಲ್ಕನೇ ಇಯತ್ತೆ ಓದಿದವರು. ಆ ತೆರೆದ ಬಾಗಿಲಿನ ವಿಚಾರ ನನಗೆ ಹೊಳೆಯುತ್ತಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ, ಬಸ್ಸಿಗೆ ಹೊರಡುವ ಮೊದಲು, ಮಾವನವರು ಕನ್ನಡಿಯ ಎದುರು ಕೂತರು. ನಾನು ಕೈಯುಜ್ಜಿ ಬಿಸಿ ಮಾಡಿಕೊಂಡು ಹಿಂದಿನಿಂದ ಬಗ್ಗಿದೆ. ಬಗ್ಗಿದ ಕೂಡಲೇ ಸೆರಗು ಜಾರಿ ಅವರ ಮುಖದ ಮೇಲೆ ಬಿತ್ತು. ಎಳೆದು ಸರಿಮಾಡಿಕೊಂಡೆ. ಮತ್ತೆ ಬಿತ್ತು. ಮೂರನೆಯ ಸಲಕ್ಕೆ ಅವರು, ಕನ್ನಡಿಗೆ ಅಲ್ಲ, ಗೋಡೆಗೆ ಅಲ್ಲ, ನನಗೇ ಹೇಳಿದರು.

"ಆ ಸೆರಗು ಸೊಂಟಕ್ಕ ಸಿಗಸವ್ವಾ. ಕಣ್ಣಾಗ ಬೀಳಾಕತ್ತೈತಿ."

ಅವರು ನನ್ನೊಂದಿಗೆ ನೇರ ಆಡಿದ ಮೊದಲ ಮಾತು ಅದು. ಅತ್ತೆ ಸೊಪ್ಪು ಸೋಸುತ್ತಾ ತಲೆ ಎತ್ತಲಿಲ್ಲ. ನಾನು ಸೆರಗು ಸಿಗಿಸಿಕೊಂಡು ಕೆಲಸ ಶುರುಮಾಡಿದೆ.

ಹಾಗೆ ನಾನು ಆ ಮುಖವನ್ನು ನೋಡಿದೆ. ಗದ್ದದ ಕೆಳಗೆ ಎಂದೋ ಆದ ಗಾಯದ ಗುರುತು. ಎಡ ಹುಬ್ಬಿನಲ್ಲಿ ಬೆಳ್ಳಗಾದ ಒಂದೇ ಒಂದು ಉದ್ದ ಕೂದಲು. ಅಂಗಡಿಯ ನೆರಳಿನಲ್ಲಿ ಕಳೆದ ಬಾಳಿನಿಂದ ಹೊಲದವರಿಗಿಂತ ಮೆತ್ತಗಿದ್ದ ಚರ್ಮ. ನನ್ನ ಗಂಡನ ಮೂಗು ಎಲ್ಲಿಂದ ಬಂತು ಎಂಬುದೂ ಆಗಲೇ ಗೊತ್ತಾದದ್ದು. ಮುಜುಗರದಿಂದ ಅವರು ಕಣ್ಣು ಮುಚ್ಚುತ್ತಿದ್ದರು, ಆದರೆ ಮುಚ್ಚುತ್ತಿದ್ದುದು ಬಲಗಣ್ಣು ಮಾತ್ರ. ಎಡಗಣ್ಣು ಪಾಪ, ಮುಚ್ಚಲಾಗದೆ, ಬಿಟ್ಟ ಹಾಗೆಯೇ ನನ್ನನ್ನು ನೋಡುತ್ತಿತ್ತು. ನನಗೂ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ. ಅದರ ಮೇಲೆ ಒದ್ದೆ ಹತ್ತಿ ಇಟ್ಟ ಮೇಲೆ ಇಬ್ಬರಿಗೂ ಸಮಾಧಾನವಾಯಿತು.

ಬೆಳಿಗ್ಗೆ ಒಮ್ಮೆ, ಸಂಜೆ ಬಸ್ಸಿಳಿದು ಬಂದು ಒಮ್ಮೆ. ಹಣೆ ಎತ್ತಿ, ಮೂಗು ಸುಕ್ಕು ಮಾಡಿ, ತುಟಿ ಕೂಡಿಸಿ ಊದಿ. "ಪ, ಬ, ಮ" ಅನ್ನಿ. ಅವರು ತಪ್ಪದೆ ಮಾಡಿದರು. ಕಾಲೇಜು ನನ್ನನ್ನು ಬಿಡಲಿಲ್ಲ. ದವಾಖಾನೆಗೆ ಓಡಾಡಿದ ದಿನಗಳಿಂದ ಹಾಜರಿ ಕಡಿಮೆ ಬಿದ್ದಿತ್ತು. ಪರೀಕ್ಷೆಗೆ ಕೂರಬೇಕಾದರೆ ರಜೆಯ ದಿನವೂ ಬಂದು ಮಹಿಳೆಯರ ವಾರ್ಡಿನಲ್ಲಿ ಕೆಲಸ ಮಾಡು ಎಂದರು ಮೇಡಂ. ಅದೂ ದಯೆಯೇ. ಹೋದೆ. ಮಂಡಿನೋವಿನ ಹೆಂಗಸರಿಗೆ ಮಣ್ಣು ಮೆತ್ತಿ, ಬೆನ್ನು ತಿಕ್ಕಿ, ಕೈಬೆರಳ ತುದಿಗಳು ನೀರಲ್ಲಿ ನೆನೆದ ಹುಣಸೆಹಣ್ಣಿನಂತಾಗಿದ್ದವು. ಪರೀಕ್ಷೆಗೆ ಓದಬೇಕಾದದ್ದೆಲ್ಲ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ. ಪುಸ್ತಕ ತೆರೆದರೆ ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ನಿದ್ದೆ.

ಆದರೂ ಮುಖ ಬದಲಾಗಲಿಲ್ಲ. ವಾರಗಳು ಕಳೆದರೂ ಎಡಭಾಗ ಇದ್ದ ಹಾಗೇ ಇತ್ತು. ಮಾವನವರು ಕಪ್ಪು ಕನ್ನಡಕ ಹಾಕಿ, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಒಂದೆರಡು ದಿನ ಅಂಗಡಿಗೆ ಹೋಗಿ ಬಂದರು. ಆಮೇಲೆ ಹೋಗುವುದನ್ನೇ ಬಿಟ್ಟರು. ಒಂದು ಸಂಜೆ ನಾನು ಬಂದಾಗ ಕನ್ನಡಿ ಗೋಡೆಗೆ ಮುಖ ಮಾಡಿ ಇಟ್ಟಿತ್ತು.

"ಇವತ್ತ ಬ್ಯಾಡವ್ವಾ. ಇದು ಹಿಂಗ ಇರೂದು. ನೀ ನಿನ್ನ ಪರೀಕ್ಷಿ ನೋಡಿಕೋ ಹೋಗು."

ನಾನು ಹೋಗಲಿಲ್ಲ. ಏನಾಯಿತು ಎಂದು ಕೇಳಿದೆ. ಕನ್ನಡಿಯ ಬೆನ್ನು ನೋಡುತ್ತಾ ಹೇಳಿದರು. ಕೊನೆಯ ಸಲ ಅಂಗಡಿಗೆ ಹೋದ ದಿನ, ಇಪ್ಪತ್ತು ವರ್ಷದಿಂದ ಬರುವ ದಢೇಸುಗೂರಿನ ಹೆಂಗಸೊಬ್ಬಳು ಬಂದಿದ್ದಳಂತೆ. ಅಂಗಡಿಯನ್ನು ತಲೆಕೆಳಗು ಮಾಡಿ, ಎರಡು ಸಲ ಎದ್ದು ಹೋಗಿ ಮತ್ತೆ ಬಂದು, ಜಗಳ ಆಡಿ ಸೀರೆ ಒಯ್ಯುವವಳು.

"ಅವತ್ತ ಹೇಳಿದ ರೇಟಿಗೆ ತಗೊಂಡು ಹೋದಳು. ಒಂದ ಮಾತು ಚೌಕಾಸಿ ಮಾಡಲಿಲ್ಲ. ನನ್ನ ಬಾಯಿ ನೋಡಿ..." ಅವರು ಮಾತು ನಿಲ್ಲಿಸಿ ಟವೆಲ್ ತೆಗೆದುಕೊಂಡರು. "ಹಂಗ ವ್ಯಾಪಾರ ಮಾಡೂದಾದ್ರ ನಾ ಅಂಗಡಿ ಯಾಕ ತೆರೀಬೇಕು?"

ನನ್ನ ಪುಸ್ತಕಗಳಲ್ಲಿ ಇದಕ್ಕೆ ಚಿಕಿತ್ಸೆ ಬರೆದಿರಲಿಲ್ಲ. ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ. ಧೈರ್ಯ ಹೇಳಬಹುದಿತ್ತು. ಎಲ್ಲ ಸರಿಹೋಗುತ್ತದೆ ಎನ್ನುವುದು ಬಾಯಿಯ ತುದಿಗೇ ಬಂದಿತ್ತು. ಯಾಕೋ ಹೇಳಲಾಗಲಿಲ್ಲ.

"ಮಾವಾರ, ಯಾವಾಗ ಬರ್ತೈತಿ ಅಂತ ನನಗ ಗೊತ್ತಿಲ್ರಿ. ಭಾಳ ಮಂದಿಗೆ ಪೂರ್ತಿ ಬರ್ತೈತಿ. ಕೆಲವರಿಗೆ ಸ್ವಲ್ಪ ಉಳೀತೈತಿ. ನಿಮಗ ಹೆಂಗಂತ ಈಗ ಯಾರಿಗೂ ಹೇಳಾಕ ಆಗೂದಿಲ್ರಿ."

"ಖರೇ ಹೇಳಾಕತ್ತೀಯೇನು?"

"ಖರೇರಿ."

ಅವರು ನನ್ನನ್ನೇ ನೋಡಿದರು. "ನಾ ಅಂಗಡ್ಯಾಗ ಕುಂತು ಎಷ್ಟ ಮಂದಿಗೆ ಹೇಳೀನಿ, ಬಣ್ಣ ಹೋಗೂದಿಲ್ಲ, ಗ್ಯಾರಂಟಿ ಅಂತ. ನೀ ಹಂಗ ಅಂದಿದ್ರ ನಾ ನಂಬತಿದ್ದಿಲ್ಲ." ಆಮೇಲೆ ಎದ್ದು ತಾವೇ ಕನ್ನಡಿಯನ್ನು ತಿರುಗಿಸಿ ಇಟ್ಟರು.

ಪರೀಕ್ಷೆಗೆ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ, ತುಟಿ ಊದಿ ಎಂದಾಗ ಎಡಗಡೆಯ ಬಾಯಿಯ ಮೂಲೆ ಮಿಡುಕಿತು. ನೀರಿನ ಮೇಲೆ ಕೀಟ ಕೂತು ಎದ್ದಷ್ಟು. ನನ್ನ ಆಸೆಯೇ ಹಾಗೆ ಕಾಣಿಸಿತೇನೋ ಎಂದು ಅನುಮಾನಿಸಿ ಇನ್ನೊಮ್ಮೆ ಅಂದೆ. ಮತ್ತೆ ಮಿಡುಕಿತು.

"ಅತ್ತೀ, ಇಲ್ಲಿ ಬರ್ರಿ!"

ಅತ್ತೆ ಹಿಟ್ಟಿನ ಕೈಯಲ್ಲೇ ಬಂದು, ಕನ್ನಡಕ ಹುಡುಕಿ ಹಾಕಿಕೊಂಡು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. "ಇನ್ನೊಮ್ಮೆ ಮಾಡ್ರಿ. ಹಾಂ. ಇನ್ನೊಮ್ಮೆ." ಮಾವನವರಿಗೆ ಸಿಟ್ಟು ಬಂತು. "ನಾನೇನು ಸರ್ಕಸ್ಸೇನು?" ಆದರೆ ಅವತ್ತು ಊಟದ ಹೊತ್ತಿನವರೆಗೂ ಅವರು ಕನ್ನಡಿ ಬಿಟ್ಟು ಏಳಲಿಲ್ಲ ಎಂದು ಸಂಜೆ ಅತ್ತೆ ಹೇಳಿದರು. ನನಗೆ ಬಸ್ಸು ತಪ್ಪಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಲಿಂಗಸುಗೂರು ಬಂದದ್ದೇ ಗೊತ್ತಾಗಲಿಲ್ಲ.

ಅಲ್ಲಿಂದ ದಿನದಿನಕ್ಕೆ ಒಂದಿಷ್ಟು. ಮೊದಲು ತುಟಿ, ಆಮೇಲೆ ಕೆನ್ನೆ, ಕಣ್ಣಿನ ರೆಪ್ಪೆ ಕೊನೆಗೆ. ನಾನು ಮೇಡಂ ಹತ್ತಿರ ಹೋಗಿ ಎಲ್ಲ ವಿವರಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿದೆ. "ಮೇಡಂ, ಇದು ಗುಳಿಗೆಯಿಂದ ಆಯ್ತಾ, ನನ್ನ ಕೈಯಿಂದ ಆಯ್ತಾ? ಏನೂ ಮಾಡದಿದ್ದರೂ ಆಗುತ್ತಿತ್ತಾ?"

ಮೇಡಂ ರೋಗಿಗಳ ಹಾಳೆಗಳನ್ನು ಜೋಡಿಸುತ್ತಿದ್ದರು. "ಗೊತ್ತಿಲ್ಲ" ಎಂದರು. "ಇಂಥ ಮುಖಗಳು ಬಹಳಷ್ಟು ತಾವಾಗಿಯೇ ಸರಿಹೋಗುತ್ತವೆ. ನಿನ್ನ ಕೈ ಬೇಗ ತಂದಿರಬಹುದು, ತರದೆಯೂ ಇರಬಹುದು. ಒಬ್ಬ ಮನುಷ್ಯನನ್ನು ಎರಡು ಸಲ ಬದುಕಿಸಿ ನೋಡೋಕಾಗಲ್ಲ. ಆದರೆ ಅವರು ದಿನಾ ಕನ್ನಡಿ ಎದುರು ಕೂತರಲ್ಲ, ಅದನ್ನು ಗುಳಿಗೆ ಮಾಡಿಸಲ್ಲ."

ಪ್ರಕೃತಿಯೇ ವಾಸಿಮಾಡುತ್ತದೆ, ನಾವು ದಾರಿ ಬಿಡುತ್ತೇವೆ ಎಂದು ಮೊದಲ ವರ್ಷದಿಂದ ಬರೆದು ಬರೆದು ಅಂಕ ಗಿಟ್ಟಿಸಿದ್ದೆ. ಆ ಮಾತಿನ ಇನ್ನೊಂದು ಮಗ್ಗುಲು ಆಗ ಕಂಡಿತು. ಪ್ರಕೃತಿಯೇ ವಾಸಿಮಾಡಿದ್ದಾದರೆ ವಾಸಿಮಾಡಿದ ಹೆಸರು ನನ್ನದಲ್ಲ. ಅದನ್ನು ಒಪ್ಪಿಕೊಂಡೂ ಬೆಳಗಾಗುವ ಮೊದಲು ಎದ್ದು ಕೈ ಬಿಸಿ ಮಾಡಿಕೊಳ್ಳಲು ಮನಸ್ಸಾದರೆ ಈ ಕಸುಬು ನನ್ನದು. ಇಲ್ಲವಾದರೆ ಅಲ್ಲ. ದೊಡ್ಡ ಮಾವ ಕೇಳಿದ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ ಎಂದು ನನಗೆ ಗೊತ್ತು. ಇಂದಿಗೂ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

ಪರೀಕ್ಷೆಗಳು ಬಂದವು. ಬರವಣಿಗೆ ಹೇಗೋ ಮುಗಿಯಿತು. ಪ್ರಾಕ್ಟಿಕಲ್‌ನಲ್ಲಿ ನನಗೆ ಸಿಕ್ಕಿದ್ದು ಒದ್ದೆ ಹಾಸುಬಟ್ಟೆಯಲ್ಲಿ ರೋಗಿಯ ಮೈಯೆಲ್ಲ ಸುತ್ತಿ, ಮೇಲೆ ಕಂಬಳಿ ಹೊದಿಸುವ ಚಿಕಿತ್ಸೆ. ಗಾಳಿ ನುಸುಳದಂತೆ ಕುತ್ತಿಗೆಯ ಬಳಿ, ಪಾದದ ಬಳಿ ಮಡಿಕೆ ಸಿಗಿಸಬೇಕು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಸುತ್ತುವುದು ಚೆನ್ನಾಗಿಯೇ ಆಯಿತು. ಆಮೇಲೆ ಮೌಖಿಕ ಪರೀಕ್ಷೆಯಲ್ಲಿ ಸಮಶೀತೋಷ್ಣ ಸ್ನಾನದ ನೀರು ಎಷ್ಟು ಬಿಸಿ ಇರಬೇಕು ಎಂಬ ಮೊದಲ ವರ್ಷದ ಪ್ರಶ್ನೆಗೆ ನನ್ನ ನಾಲಗೆ ಕಟ್ಟಿಹೋಯಿತು. ದಿನವೂ ಮೊಣಕೈ ಅದ್ದಿ ನೋಡುತ್ತಿದ್ದ ನೀರು ಅದು! ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನೆನಪಾಯಿತು. ಗೆಳತಿಯರು ಬೇವಿನ ಮರದ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ನಿಂತೆ. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನನ್ನ ಕಣ್ಣು ಮಾತ್ರ ಮುಚ್ಚಿದೆ. ಮುಗಿಯಿತು ಎಂಬ ಸಂತೋಷ ಬರುತ್ತದೆಂದು ಕಾದೆ. ಬಂದದ್ದು ಆಯಾಸ ಮಾತ್ರ.

ಫಲಿತಾಂಶ ಬಂದಾಗ ಪಾಸಾಗಿದ್ದೆ. ಮೌಖಿಕ ಪರೀಕ್ಷೆ ಬಿಟ್ಟರೆ ಅಂಕಗಳೂ ಮರ್ಯಾದೆಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಮಾವನವರು ಅಂಗಡಿಗೆ ಮರಳಿದ್ದರು. ಮುಖ ಬಹುಮಟ್ಟಿಗೆ ಸರಿಯಾಗಿತ್ತು. ಒಂದು ಮಾತ್ರ ಉಳಿದಿತ್ತು. ನಕ್ಕರೆ ಎಡಗಣ್ಣು ತಾನಾಗಿಯೇ ಕಿರಿದಾಗುತ್ತದೆ. ಗೊತ್ತಿಲ್ಲದ ಗಿರಾಕಿಗಳು ಸಾಹುಕಾರರು ತಮಗೆ ಗುಟ್ಟಾಗಿ ರೇಟು ಇಳಿಸಿದರು ಎಂದು ತಿಳಿದು ತಾವೂ ಕಣ್ಣು ಮಿಟುಕಿಸುತ್ತಾರಂತೆ. ಇದನ್ನು ನನ್ನ ಗಂಡ ಹೇಳುವಾಗ ಅತ್ತೆ ನಕ್ಕು ನಕ್ಕು ಕೆಮ್ಮಿದರು. ಮಾವನವರೂ ನಕ್ಕರು, ಕಣ್ಣು ಕಿರಿದಾಯಿತು, ಮತ್ತೆ ಎಲ್ಲರೂ ನಕ್ಕೆವು.

ಇಂಟರ್ನ್‌ಶಿಪ್ ಶುರುವಾಗುವ ಮೊದಲು ಒಂದು ವಾರ ತವರಿಗೆ ಹೋಗಿ ಬಾ ಎಂದು ಅತ್ತೆಯೇ ಕಳಿಸಿಕೊಟ್ಟರು. ಮಸ್ಕಿಯಲ್ಲಿ ಬಸ್ಸು ಇಳಿದಾಗ ಕಾಲಿಗೆ ಆ ನೆಲ ಹೊಸದೆನಿಸಿತು. ಮನೆಗೆ ಹೋಗಿ, ಅವ್ವ ಮಂಡಕ್ಕಿಯಿಂದ ಮಾಡಿಕೊಟ್ಟ ಮಂಡಾಳ ಒಗ್ಗರಣೆ ತಿಂದು, ಅಡುಗೆಮನೆಯ ನೆಲದ ಮೇಲೆ ಹಾಗೇ ಒರಗಿದವಳು ಬಿಸಿಲು ಇಳಿಯುವವರೆಗೆ ಎದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಹಿತ್ತಲಿನ ಕಲ್ಲಿನ ಮೇಲೆ ತಾನು ಕೂತು, ನನ್ನನ್ನು ಕೆಳಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು. ಬೈತಲೆ ತೆಗೆಯುತ್ತಾ ಹೇಳಿದಳು.

"ನೀ ಮಾವನ ಮುಖಕ್ಕ ಕೈ ಹಚ್ಚತೀ ಅಂತ ಸುದ್ದಿ ಇಲ್ಲೀತನ ಬಂದಿತ್ತು."

"ಯಾರ ಹೇಳಿದ್ರು?"

"ಯಾರಾದ್ರ ಏನು. ಮದುವ್ಯಾಗ ಸಿಕ್ಕಿದ್ರು, ಕೇಳಿದ್ರು."

"ನೀ ಏನಂದಿ?"

"ಹಚ್ಚತಾಳ, ಅದಕ್ಕ ಓದಿಸೀವಿ ಅಂದೆ." ಅವ್ವ ಇನ್ನೊಂದು ಅಂಗೈ ಎಣ್ಣೆ ಸುರಿದಳು. "ಅವರ ಮುಂದ ಅಂದು ಬಂದೆ. ಮನಿಗೆ ಬಂದು ನಿಮ್ಮಪ್ಪನ ಮುಂದ ಅತ್ತುಬಿಟ್ಟೆ. ಯಾಕ ಅಳು ಬಂತು ಅಂತ ನನಗೂ ತಿಳೀಲಿಲ್ಲ."

ನಾನು ತಿರುಗಿ ನೋಡಲು ಹೋದೆ. ಅವ್ವ ತಲೆಯನ್ನು ಹಿಡಿದು ಮುಂದಕ್ಕೆ ಮಾಡಿದಳು. "ಅಲುಗಬ್ಯಾಡ. ಎಣ್ಣಿ ಕಣ್ಣಾಗ ಹೋಗ್ತೈತಿ."

ಆ ಸೆಮಿಸ್ಟರ್ ಪೂರ್ತಿ ನಾನು ಎಷ್ಟೋ ಜನರ ಬೆನ್ನು, ಮಂಡಿ, ಹೊಟ್ಟೆ, ಮುಖ ಮುಟ್ಟಿದ್ದೆ. ನನ್ನ ತಲೆಯ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಅವ್ವನ ಒತ್ತುವಿಕೆಯಲ್ಲಿ ಕ್ರಮವಿರಲಿಲ್ಲ. ಬೇಕಾದಲ್ಲಿ ಬಿರುಸು, ಬೇಡವಾದಲ್ಲಿ ಇನ್ನೂ ಬಿರುಸು. ಪರೀಕ್ಷಕರು ನೋಡಿದ್ದರೆ ಅಂಕ ಕೊಡುತ್ತಿರಲಿಲ್ಲ. ಎಣ್ಣೆ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿತ್ತು. ಒಳಗೆ ಹಂಡೆಯ ನೀರು ಕಾಯುತ್ತಿತ್ತು. ನಾನು ತಲೆಯನ್ನು ಅವಳ ಮೊಣಕಾಲಿಗೆ ಆನಿಸಿ ಕಣ್ಣು ಮುಚ್ಚಿದೆ.